ಹಗಲಿನ ಬಿಸಿಲನ್ನು ಬೆಳಗಿನ ಜಾವ 3 ಗಂಟೆಗೆ ಭಟ್ಟಿಗೆ ತರೋದು ಹೇಗೆ? ಉಪ್ಪೋ, ಕಲ್ಲೋ, ಕಬ್ಬಿಣವೋ?

ಭಟ್ಟಿಮನೆ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದೊಂದು ಮಂಡಕ್ಕಿ ಭಟ್ಟಿ ಇದೆ. ತಾತ ಶುರು ಮಾಡಿದ್ದು. ಈಗ ಅಪ್ಪ ಮತ್ತು ನಾನು ನೋಡಿಕೊಳ್ಳುತ್ತೇವೆ. ಬೆಳಗಿನ ಜಾವ 3ಕ್ಕೆ ಒಲೆ ಹಚ್ಚಿದರೆ 8ರೊಳಗೆ ಹುರಿದು ಮುಗಿಯಬೇಕು. ದಿನಕ್ಕೆ ಸುಮಾರು 200 ಕೆಜಿ ಅಕ್ಕಿ. ಉರುವಲು ಭತ್ತದ ಹೊಟ್ಟು.

ಅಪ್ಪನಿಗೆ ಈಗ 62. ನಲವತ್ತು ವರ್ಷ ಆ ಹೊಗೆಯ ಮುಂದೆ ಕೂತಿದ್ದಾರೆ. ಚಳಿಗಾಲದಲ್ಲಿ ಅಲಾರಾಂ ಹೊಡೆಯುವ ಮೊದಲೇ ಅವರ ಕೆಮ್ಮಿಗೆ ನನಗೆ ಎಚ್ಚರವಾಗುತ್ತದೆ. ಅವರು ಹುರಿಯೋದು ಬಿಡುವವರಲ್ಲ. ಹಾಗಾಗಿ ಹೊಗೆಯನ್ನೇ ಬಿಡಿಸಬೇಕು ಅಂತ ಹೊರಟಿದ್ದೇನೆ.

ಬಿಸಿಲಿಗೇನೂ ಇಲ್ಲಿ ಬರವಿಲ್ಲ. ಆದರೆ ಬಿಸಿಲು ಬರೋದು ನಮ್ಮ ಕೆಲಸ ಮುಗಿದ ಮೇಲೆ. ಹೋದ ವರ್ಷ ಅತ್ತೆಯನ್ನು ಕರೆದುಕೊಂಡು ಅಬು ರೋಡಿಗೆ ಹೋಗಿದ್ದೆ. ಅಲ್ಲಿ ಬ್ರಹ್ಮಾಕುಮಾರಿಯವರ ಇಂಡಿಯಾ ಒನ್ ಸ್ಥಾವರ ನೋಡಿದೆ. 770 ಕನ್ನಡಿ ತಟ್ಟೆಗಳು, ಒಂದೊಂದೂ 60 ಚದರ ಮೀಟರ್. ಪ್ರತಿ ತಟ್ಟೆಯ ಬೆಳಕು ಬಂದು ಬೀಳುವ ಜಾಗದಲ್ಲಿ ಎರಕದ ಕಬ್ಬಿಣದ ದಿಮ್ಮಿ. ಹಗಲು ಆ ಕಬ್ಬಿಣ ಕಾಯುತ್ತದೆ, ರಾತ್ರಿ ಅದರಿಂದಲೇ ಆವಿ ಮಾಡಿ 1 ಮೆಗಾವ್ಯಾಟ್ ಟರ್ಬೈನ್ ತಿರುಗಿಸುತ್ತಾರೆ. ಅದನ್ನು ನೋಡಿ ಬಂದ ಮೇಲೆ ನನಗೆ ನಿದ್ದೆ ಸರಿಯಾಗಿ ಬಂದಿಲ್ಲ.

ಆಮೇಲೆ ಓದುತ್ತಾ ಹೋದಾಗ ಸ್ಪೇನ್ ಕಡೆ ಕಬ್ಬಿಣವಲ್ಲ, ಕರಗಿದ ಉಪ್ಪು ಬಳಸುತ್ತಾರೆ ಅಂತ ತಿಳಿಯಿತು. ಅದರಲ್ಲಿ ಒಂದು ಪೊಟ್ಯಾಸಿಯಂ ನೈಟ್ರೇಟ್. ನೋಡಿದರೆ ಅದು ನಮ್ಮ ಮಾವ ದಾಳಿಂಬೆಗೆ ಡ್ರಿಪ್ಪಿನಲ್ಲಿ ಬಿಡುವ 13-0-45! ಅಂಗಡಿಯಲ್ಲಿ ಚೀಲದಲ್ಲಿ ಸಿಗುತ್ತದೆ.

ನನ್ನ ಹತ್ತಿರ ಇರೋದು ಇಷ್ಟು: 1,200 ಚದರಡಿ ಶೀಟಿನ ಮಾಡು, ಹಿಂದೆ ಸ್ವಲ್ಪ ಖಾಲಿ ಜಾಗ, ಐದಾರು ಹಳೇ ಡ್ರಮ್ಮು. ಹುರಿಯುವ ಮರಳಿನ ಬಿಸಿಯನ್ನು ಗನ್ ಥರ್ಮಾಮೀಟರಿನಲ್ಲಿ ಒಂದು ವಾರ ಅಳೆದಿದ್ದೇನೆ. 240ರಿಂದ 260 ಡಿಗ್ರಿ. ಅದಕ್ಕಿಂತ ಕಡಿಮೆಯಾದರೆ ಅಕ್ಕಿ ಅರಳೋದಿಲ್ಲ, ಜಾಸ್ತಿಯಾದರೆ ಕೆಂಪಾಗುತ್ತದೆ.

ಆ ಗೊಬ್ಬರವನ್ನು ಡ್ರಮ್ಮಿನಲ್ಲಿ ಕರಗಿಸಿ ಇಟ್ಟುಕೊಂಡರೆ ರಾತ್ರಿಯಿಡೀ ಬಿಸಿ ನಿಲ್ಲುತ್ತಾ? ಅಥವಾ ಗುಜರಿ ಕಬ್ಬಿಣ? ಅಥವಾ ಜಲ್ಲಿ? ಗೊತ್ತಿರುವವರು ದಯವಿಟ್ಟು ಹೇಳಿ.

ಉಪ್ಪಿನಟ್ಯಾಂಕು

ಬೇರೆ ಮಾತು ಆಮೇಲೆ. ಮೊದಲು ಇದು: ಆ 13-0-45 ಚೀಲವನ್ನು ಭಟ್ಟಿಯ ಹತ್ತಿರವೂ ತರಬೇಡಿ. ಅದು ಪೆಟ್ಲುಪ್ಪು. ಮದ್ದಿನ ಪುಡಿಗೆ ಹಾಕುವುದು ಅದನ್ನೇ. ಕರಗಿದ ನೈಟ್ರೇಟಿನೊಳಗೆ ಹೊಟ್ಟು, ಗೋಣಿ, ಎಣ್ಣೆ, ಇದ್ದಿಲು ಏನೇ ಬಿದ್ದರೂ ಧಗ್ಗನೆ ಹತ್ತಿಕೊಳ್ಳುತ್ತದೆ. ಉರಿಯಲು ಬೇಕಾದ ಆಮ್ಲಜನಕ ಆ ಉಪ್ಪಿನಲ್ಲೇ ಇದೆ, ಮುಚ್ಚಿಟ್ಟರೂ ಆರುವುದಿಲ್ಲ. ನಿಮ್ಮ ಭಟ್ಟಿಯ ತುಂಬ ಹೊಟ್ಟು ಹಾರಾಡುತ್ತಿರುತ್ತದೆ ಅಲ್ವಾ? ಯೋಚನೆ ಮಾಡಿಯೇ ನನಗೆ ಕೈ ನಡುಗಿತು.

ಈಗ ವಿವರ. ನನ್ನ ಊರು ಕುಂದಾಪುರದ ಹತ್ತಿರ. ಗಲ್ಫಿನ ಒಂದು ಸೌರ ಸ್ಥಾವರದಲ್ಲಿ ಆರು ವರ್ಷ ಉಪ್ಪಿನ ಟ್ಯಾಂಕು, ಪಂಪು, ಪೈಪುಗಳ ಮೇಂಟೆನೆನ್ಸ್ ನೋಡಿಕೊಂಡಿದ್ದೆ.

ಅಲ್ಲಿ ಬಳಸುವುದು ತೂಕದಲ್ಲಿ 60 ಪಾಲು ಸೋಡಿಯಂ ನೈಟ್ರೇಟ್, 40 ಪಾಲು ಪೊಟ್ಯಾಸಿಯಂ ನೈಟ್ರೇಟ್. ಒಂದು ತಣ್ಣನೆ ಟ್ಯಾಂಕು, ಒಂದು ಬಿಸಿ ಟ್ಯಾಂಕು. 'ತಣ್ಣನೆ' ಅಂದರೂ ಅದು 290 ಡಿಗ್ರಿ! ಸುತ್ತಲಿನ ಕನ್ನಡಿಗಳ ಬೆಳಕನ್ನು ಒಂದು ಗೋಪುರದ ತುದಿಗೆ ಬೀಳಿಸುವ ಸ್ಥಾವರಗಳಲ್ಲಿ ಬಿಸಿ ಟ್ಯಾಂಕು 565 ಡಿಗ್ರಿ. ಸ್ಪೇನಿನ ಸೆವಿಲ್ಲೆ ಪ್ರಾಂತ್ಯದ ಹೆಮಾಸೋಲಾರ್ 2011ರಿಂದ ಹೀಗೇ ನಡೆಯುತ್ತಿದೆ. ಸೂರ್ಯ ಮುಳುಗಿದ ಮೇಲೆ 15 ಗಂಟೆ ಕರೆಂಟ್ ಕೊಡುವಷ್ಟು ಉಪ್ಪು ಅಲ್ಲಿದೆ. ಗ್ರನಾಡಾ ಹತ್ತಿರದ ಆಂಡಸೋಲ್ 1ರಲ್ಲಿ 28,500 ಟನ್ ಉಪ್ಪಿದೆ. ಟ್ಯಾಂಕುಗಳ ಎತ್ತರ 14 ಮೀಟರ್. ಅಷ್ಟು ದೊಡ್ಡದಾದ್ದರಿಂದಲೇ ಬಿಸಿ ಸೋರುವುದು ಕಡಿಮೆ. ಗಾತ್ರ ಬೆಳೆದಂತೆ ಒಳಗಿನ ಸರಕು ಬೇಗ ಬೆಳೆಯುತ್ತದೆ, ಹೊರಮೈ ಅಷ್ಟು ಬೆಳೆಯುವುದಿಲ್ಲ. ನಿಮ್ಮ 200 ಲೀಟರ್ ಡ್ರಮ್ಮಿಗೆ ಆ ಅನುಕೂಲ ಇಲ್ಲ.

ಉಪ್ಪಿನ ನಿಜವಾದ ಕಾಟ ಹೆಪ್ಪುಗಟ್ಟುವುದು. 238 ಡಿಗ್ರಿಗೆ ಇಳಿದರೆ ಗಟ್ಟಿಯಾಗಲು ಶುರು. ಹಾಗಾಗಿ ಪ್ರತಿ ಪೈಪು, ಪ್ರತಿ ವಾಲ್ವಿಗೂ ಕರೆಂಟಿನ ಬಿಸಿ ತಂತಿ ಸುತ್ತಿರುತ್ತಾರೆ. ಒಂದು ಜನವರಿ ರಾತ್ರಿ ಒಂದು ವಾಲ್ವಿನ ತಂತಿ ಸುಟ್ಟುಹೋಗಿತ್ತು. ಪ್ಯಾನೆಲ್ಲಿನಲ್ಲಿ ಎಚ್ಚರಿಕೆ ದೀಪ ಹತ್ತಲಿಲ್ಲ. ಬೆಳಗ್ಗೆ ನೋಡಿದರೆ ಆ ವಾಲ್ವಿನೊಳಗೆ ಉಪ್ಪು ಕಲ್ಲಾಗಿತ್ತು. ಅವಸರದಲ್ಲಿ ಒಂದೇ ಕಡೆ ಕಾಯಿಸುವಂತಿಲ್ಲ. ಕರಗುವಾಗ ಉಪ್ಪು ಹಿಗ್ಗುತ್ತದೆ. ಎರಡೂ ಬದಿ ಕಟ್ಟಿಕೊಂಡಿದ್ದರೆ ಪೈಪೇ ಸೀಳುತ್ತದೆ. ಹೊರಗಿನ ತುದಿಯಿಂದ ಶುರು ಮಾಡಿ ಗೇಣು ಗೇಣಾಗಿ ಕರಗಿಸುತ್ತಾ ಬಂದೆವು. ಮೂರು ದಿನ ಹಿಡಿಯಿತು.

ದೊಡ್ಡವರಿಗೂ ಇದು ಸುಲಭವಲ್ಲ. ಅಮೆರಿಕದ ನೆವಾಡದ ಕ್ರೆಸೆಂಟ್ ಡ್ಯೂನ್ಸ್ ಸ್ಥಾವರ 2016ರಲ್ಲಿ ಬಿಸಿ ಟ್ಯಾಂಕು ಸೋರಿ ತಿಂಗಳುಗಟ್ಟಲೆ ನಿಂತಿತ್ತು. ಉಪ್ಪು ತುಂಬಾ ಒಳ್ಳೆಯ ವಸ್ತು, ನಾನು ಅದರ ಅನ್ನ ತಿಂದವನು. ಆದರೆ 250 ಡಿಗ್ರಿ ಬೇಕಾದ ಭಟ್ಟಿಗೆ 238ಕ್ಕೆ ಕಲ್ಲಾಗುವ ವಸ್ತು ಸರಿಹೊಂದುವುದಿಲ್ಲ.

ಎರಕದವನು_ಬೆಳಗಾವಿ

ಕಬ್ಬಿಣದ ಬಗ್ಗೆ ನಾನು ಹೇಳುತ್ತೇನೆ. 22 ವರ್ಷದಿಂದ ಫೌಂಡ್ರಿಯಲ್ಲಿದ್ದೇನೆ.

ಕೆಜಿ ಲೆಕ್ಕದಲ್ಲಿ ನೋಡಿದರೆ ಕಬ್ಬಿಣ ಬಿಸಿ ಹಿಡಿಯುವುದು ಕಡಿಮೆ. ಒಂದು ಕೆಜಿಯನ್ನು ಒಂದು ಡಿಗ್ರಿ ಏರಿಸಲು ಅರ್ಧ ಕಿಲೋಜೌಲ್ ಸಾಕು. ಕಲ್ಲು, ಮರಳಿಗೆ ಬಿಸಿಯಾಗಿದ್ದಾಗ ಹತ್ತಿರ ಹತ್ತಿರ ಒಂದು ಬೇಕು. ಅಂದರೆ ಅದೇ ತೂಕದ ಕಲ್ಲಿನಲ್ಲಿ ಎರಡರಷ್ಟು ಬಿಸಿ ಕೂರುತ್ತದೆ. ಮತ್ತೆ ಅಬು ರೋಡಿನವರು ಕಬ್ಬಿಣ ಯಾಕೆ ಇಟ್ಟರು? ಅದರೊಳಗೆ ಬಿಸಿ ಓಡುತ್ತದೆ, ಅದಕ್ಕೆ. ಕನ್ನಡಿಯ ಬೆಳಕು ಒಂದೇ ಜಾಗಕ್ಕೆ ಬೀಳುತ್ತದೆ. ಕಲ್ಲಾಗಿದ್ದರೆ ಆ ಜಾಗ ಮಾತ್ರ ಸಿಡಿದು ಹಿಂದಿನ ಭಾಗ ತಣ್ಣಗೇ ಇರುತ್ತಿತ್ತು. ಕಬ್ಬಿಣ ಇಡೀ ಮೈಗೆ ಹಂಚುತ್ತದೆ. ಜಾಗವೂ ಕಡಿಮೆ ಸಾಕು.

ಆದರೆ ಗುಜರಿಯ ಬೂದು ಎರಕವನ್ನು 500 ದಾಟಿಸಿ ಮತ್ತೆ ಮತ್ತೆ ಕಾಯಿಸಿ ಆರಿಸಿದರೆ ಅದು 'ಬೆಳೆಯುತ್ತದೆ'. ನಾವು ಹಾಗೇ ಹೇಳೋದು. ಉಬ್ಬುತ್ತದೆ, ಬಿರುಕು ಬಿಡುತ್ತದೆ. ಹಳೇ ಒಲೆಯ ಕಬ್ಬಿಣದ ಜಾಲಿ ಸೊಟ್ಟಗಾಗಿರೋದನ್ನು ನೋಡಿರಬಹುದು, ಅದೇ.

ಇನ್ನೊಂದು ಮಾತು, ಇದು ನಿಮಗೆ ಜಾಸ್ತಿ ಉಪಯೋಗ. ಬಿಸಿ ಸೋರದಂತೆ ಸುತ್ತ ಏನು ಹಾಕಬೇಕು ಅಂತ ಕೇಳಲೇ ಇಲ್ಲ ನೀವು. ಸೆರಾಮಿಕ್ ವೂಲ್ ಒಳ್ಳೆಯದು, ಆದರೆ ದುಡ್ಡು. ನಿಮ್ಮ ಒಲೆಯ ಬಾಯಲ್ಲಿ ದಿನಾ ಬೀಳುವ ಹೊಟ್ಟಿನ ಬೂದಿ ಏನು ಮಾಡುತ್ತೀರಿ? ಉಕ್ಕಿನ ಕಾರ್ಖಾನೆಗಳಲ್ಲಿ 1,500 ಡಿಗ್ರಿಯ ಕರಗಿದ ಉಕ್ಕು ಆರದಿರಲಿ ಅಂತ ಅದನ್ನು ಹೊರುವ ದೊಡ್ಡ ಪಾತ್ರೆಯ (ಲ್ಯಾಡಲ್) ಮೇಲೆ ಅದೇ ಬೂದಿ ಸುರಿಯುತ್ತಾರೆ! ಅದಕ್ಕೆ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಅದು ಬಹುಪಾಲು ಸಿಲಿಕಾ, ಹಗುರ, ಒಳಗೆಲ್ಲ ಗಾಳಿ. ಚೆನ್ನಾಗಿ ಸುಟ್ಟು ಬೆಳ್ಳಗಾದದ್ದನ್ನೇ ಆರಿಸಿ, ಕಪ್ಪು ಉಳಿದಿದ್ದರೆ ಆಮೇಲೆ ಒಳಗೇ ಕೆಂಡವಾಗುತ್ತದೆ. ಒಂದಡಿ ದಪ್ಪ ತುಂಬಿ. ತುಂಬುವಾಗ ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ, ಆ ದೂಳು ಎದೆಗೆ ಕೆಟ್ಟದ್ದು. ಅಪ್ಪ ದೂರ ಇರಲಿ.

ಡ್ರಮ್ಮು ಜಿಂಕ್ ಬಳಿದದ್ದು ಬೇಡ. ಕಾದರೆ ಹೊಗೆ ಬಿಡುತ್ತದೆ. ಬಣ್ಣವನ್ನೂ ಬಯಲಿನಲ್ಲಿ ಸುಟ್ಟು ತೆಗೆದುಬಿಡಿ.

ಕಲ್ಲುಮೇಷ್ಟ್ರು

ಹಾಸನದಲ್ಲಿ ಭೂವಿಜ್ಞಾನ ಪಾಠ ಮಾಡುತ್ತಿದ್ದೆ, ಈಗ ನಿವೃತ್ತ. ಕಲ್ಲಿನ ಮಾತು ಬಂತಲ್ಲ, ಎರಡು ವಿಷಯ.

ಮರಳು, ಗ್ರಾನೈಟ್ ಜಲ್ಲಿ ಎರಡರಲ್ಲೂ ಸ್ಫಟಿಕ ಶಿಲೆ, ಅಂದರೆ ಕ್ವಾರ್ಟ್ಜ್, ಇದೆ. ಅದು 573 ಡಿಗ್ರಿಯಲ್ಲಿ ಒಳಗಿನ ಜೋಡಣೆ ಬದಲಿಸಿ ತಟ್ಟನೆ ಹಿಗ್ಗುತ್ತದೆ. ಇಳಿಯುವಾಗ ಮತ್ತೆ ಕುಗ್ಗುತ್ತದೆ. ದಿನಾ ಹೀಗಾದರೆ ಗ್ರಾನೈಟ್ ಬಿರುಕು ಬಿಡುತ್ತದೆ, ಮರಳು ಪುಡಿಯಾಗುತ್ತದೆ. 500ರ ಒಳಗೇ ಇರಿ. ಮೊದಲ ಸಲ ಕಾಯಿಸುವಾಗ ನಿಧಾನ. ಹೊಳೆಯ ಕಲ್ಲಿನೊಳಗೆ ನೀರಿದ್ದರೆ ಆವಿಯಾಗಿ ಸಿಡಿಯುತ್ತದೆ.

ಎರಡನೆಯದು ನನಗೆ ತುಂಬಾ ಖುಷಿ ಕೊಟ್ಟ ಸಂಗತಿ. ಫಿನ್‌ಲ್ಯಾಂಡಿನಲ್ಲಿ ಪೋಲಾರ್ ನೈಟ್ ಎನರ್ಜಿ ಎಂಬ ಸಂಸ್ಥೆ 2022ರಲ್ಲಿ ಕಂಕಾನ್‌ಪಾ ಊರಿನಲ್ಲಿ ಸುಮಾರು 100 ಟನ್ ಮರಳು ತುಂಬಿದ ಉಕ್ಕಿನ ಗೋಪುರ ನಿಲ್ಲಿಸಿತು. ಕರೆಂಟಿನಿಂದ ಗಾಳಿ ಕಾಯಿಸಿ, ಆ ಗಾಳಿಯಿಂದ ಮರಳನ್ನು 500-600 ಡಿಗ್ರಿಗೆ ಏರಿಸುತ್ತಾರೆ. ಅದರ ನಂತರ ಪೋರ್ನೈನನ್ ಎಂಬಲ್ಲಿ ಇನ್ನೂ ದೊಡ್ಡದು ಕಟ್ಟಿದರು. ಅದರಲ್ಲಿ ಮರಳಿಲ್ಲ, ಸುಮಾರು 2,000 ಟನ್ ಬಳಪದ ಕಲ್ಲಿನ ಪುಡಿ! ಅಲ್ಲಿನ ಒಲೆ ತಯಾರಕರಲ್ಲಿ ಉಳಿದ ಚೂರು. ಬೇಲೂರು, ಹಳೇಬೀಡಿನ ಗುಡಿ ಕಟ್ಟಿದ ಕಲ್ಲಿನ ನೆಂಟ ಅದು. ಮೆತ್ತಗಿದ್ದು ಉಳಿಗೆ ಒಲಿಯುತ್ತದೆ, ಬಿಸಿಯನ್ನು ಬೇರೆ ಕಲ್ಲಿಗಿಂತ ಚೆನ್ನಾಗಿ ಒಳಗೆ ಹರಿಸುತ್ತದೆ. ನಮ್ಮಜ್ಜಿ ಬಳಪದ ಕಲ್ಲಿನ ಪಾತ್ರೆಯಲ್ಲಿ ಹುಳಿ ಮಾಡುತ್ತಿದ್ದರು. ಒಲೆಯಿಂದ ಇಳಿಸಿ ಊಟಕ್ಕೆ ಕೂರುವವರೆಗೂ ಕೊತಕೊತ ಅನ್ನುತ್ತಿತ್ತು.

ನಮ್ಮ ಕಡೆಯ ಕಲ್ಲಿನಲ್ಲಿ ಕ್ಲೋರೈಟ್ ಎಂಬ ಖನಿಜ ಜಾಸ್ತಿ. 600ರ ಹತ್ತಿರ ಹೋದರೆ ಒಳಗಿನ ನೀರು ಬಿಡಲು ಶುರುವಾಗುತ್ತದೆ. ನಿಮಗೆ ಅಷ್ಟು ಬೇಕಿಲ್ಲ. ಆದರೂ ಅದಕ್ಕಾಗಿ ಹಾಸನದಿಂದ ಲಾರಿ ತರಿಸುವ ಅಗತ್ಯ ಕಾಣುವುದಿಲ್ಲ.

ಮೆಕ್_6ನೇಸೆಮ್

ಸುಣ್ಣದಲ್ಲಿ ಕೂಡಿಡಬಹುದು ಅಂತ ಓದಿದ್ದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕುದಿಯುತ್ತದಲ್ಲ. ಆ ಬಿಸಿ ಎಷ್ಟು ತಿಂಗಳಾದರೂ ಹಾಳಾಗೋದಿಲ್ಲ. ಮತ್ತೆ ಎಲ್ಲರೂ 1,000 ಡಿಗ್ರಿ ಕಡೆ ಹೋಗುತ್ತಿದ್ದಾರೆ, ನೀವು ಯಾಕೆ 500ಕ್ಕೇ ನಿಲ್ಲಿಸುತ್ತೀರಿ?

ಉಪ್ಪಿನಟ್ಯಾಂಕು

ಒಳ್ಳೆ ಪ್ರಶ್ನೆ ತಮ್ಮಾ. ಸುಣ್ಣದ ಮಾತು ನಿಜ. ನೀರು ಹಾಕಿದ ಸುಣ್ಣವನ್ನು ಸುಮಾರು 500 ಡಿಗ್ರಿಗೆ ಕಾಯಿಸಿದರೆ ನೀರು ಬಿಟ್ಟು ಮತ್ತೆ ಸುಟ್ಟ ಸುಣ್ಣವಾಗುತ್ತದೆ. ಸುಣ್ಣದ ಕಲ್ಲಿನಿಂದಲೇ ಶುರು ಮಾಡಿದರೆ 900ರ ಹತ್ತಿರ ಬೇಕು. ತೊಂದರೆ ಏನೆಂದರೆ, ಸುತ್ತು ಹೆಚ್ಚಾದಂತೆ ಪುಡಿ ಗಂಟು ಕಟ್ಟುತ್ತದೆ, ಹಿಡಿಯುವ ಬಿಸಿ ಕಡಿಮೆಯಾಗುತ್ತಾ ಹೋಗುತ್ತದೆ. ಅದು ಇನ್ನೂ ಲ್ಯಾಬಿನ ಕೆಲಸ. ಇವರು ನಾಳೆ ಬೆಳಗ್ಗೆ ಮಂಡಕ್ಕಿ ಹುರಿಯಬೇಕು.

ಬಿಸಿ ಜಾಸ್ತಿ ಮಾಡುವುದು ಟರ್ಬೈನಿಗಾಗಿ. ಬಿಸಿ ಏರಿದಷ್ಟೂ ಅದೇ ಬಿಸಿಲಿನಿಂದ ಜಾಸ್ತಿ ಕರೆಂಟು. ನೈಟ್ರೇಟ್ ಉಪ್ಪು 600 ದಾಟಿದರೆ ಒಡೆಯುತ್ತದೆ. ಹಾಗಾಗಿ 700-800ಕ್ಕೆ ಕ್ಲೋರೈಡ್ ಉಪ್ಪು ನೋಡುತ್ತಿದ್ದಾರೆ. ಅದಕ್ಕೆ ಒಂಚೂರು ತೇವ ತಾಗಿದರೂ ಉಕ್ಕನ್ನು ತಿನ್ನುತ್ತದೆ. ಭಟ್ಟಿಯಲ್ಲಿ ಟರ್ಬೈನೇ ಇಲ್ಲ, ಆ ತಲೆನೋವು ಯಾಕೆ?

ಆದರೆ ನಿನ್ನ ಪ್ರಶ್ನೆಯಿಂದ ನನಗೊಂದು ಹೊಳೆಯಿತು. ಎರಡು ದಿನದಿಂದ ತಲೆ ಕೆಡಿಸಿಕೊಂಡಿದ್ದೆ. ಇವರಿಗೆ ಬಿಸಿ ಕೂಡಿಡುವುದು ಅರ್ಧ ಕೆಲಸ ಅಷ್ಟೆ. ಬೆಳಗ್ಗೆ ಅದನ್ನು ಬೇಗ ಹೊರಗೆ ತೆಗೆಯುವುದು ಇನ್ನರ್ಧ. ಕಲ್ಲಿನ ರಾಶಿಯ ಮೇಲೆ ಬಾಣಲೆ ಇಟ್ಟರೆ ಅಕ್ಕಿ ಕೇಳುವ ವೇಗಕ್ಕೆ ಬಿಸಿ ಬರುವುದಿಲ್ಲ.

ಅಮೆರಿಕದ ಸ್ಯಾಂಡಿಯಾ ಲ್ಯಾಬಿನವರು ಉಪ್ಪು ಬಿಟ್ಟು ಸಣ್ಣ ಕಪ್ಪು ಸೆರಾಮಿಕ್ ಕಾಳುಗಳನ್ನು ಗೋಪುರದ ಮೇಲಿಂದ ಪರದೆಯ ಹಾಗೆ ಸುರಿಸುತ್ತಾರೆ. ಬೀಳುವಾಗ ಕನ್ನಡಿಗಳ ಬೆಳಕು ನೇರ ಕಾಳಿನ ಮೇಲೆ. ಕಾದ ಕಾಳು ಕೆಳಗಿನ ಡಬ್ಬಕ್ಕೆ. ಬೇಕಾದಾಗ ತೆಗೆದು, ಬಿಸಿ ಕೊಟ್ಟ ಮೇಲೆ ಮತ್ತೆ ಮೇಲಕ್ಕೆ. ಹೆಪ್ಪುಗಟ್ಟುವ ಭಯ ಇಲ್ಲ, ಒಡೆಯುವ ಭಯ ಇಲ್ಲ. ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ 2023ರಲ್ಲಿ ಇಂಥ ಕಾಳುಗಳನ್ನು 803 ಡಿಗ್ರಿಗೆ ಮುಟ್ಟಿಸಿತು.

ಭಟ್ಟಿಮನೆಯವರೇ, ಇದನ್ನು ನಿಮ್ಮ ತಾತ ಆಗಲೇ ಮಾಡುತ್ತಿದ್ದರಲ್ಲ! ಕಾದ ಮರಳು, ಅಕ್ಕಿ, ಜರಡಿ, ಮರಳು ಮತ್ತೆ ಬಾಣಲೆಗೆ. ಬಿಸಿ ಹೊರುವ ವಸ್ತು ನಿಮ್ಮ ಕೈಯಲ್ಲೇ ಇದೆ. ಕೂಡಿಡುವುದಕ್ಕೂ ಅದನ್ನೇ ಬಳಸಿ. ಬೂದಿಯ ಹೊದಿಕೆಯ ಡ್ರಮ್ಮಿನಲ್ಲಿ ಮರಳು 450ಕ್ಕೆ ಕಾಯಲಿ. ಬೆಳಗ್ಗೆ ಒಂದಿಷ್ಟು ತೆಗೆದು, ಆರಿದ ಮರಳಿನ ಜೊತೆ ಬೆರೆಸಿ 260ಕ್ಕೆ ತನ್ನಿ, ಅಕ್ಕಿ ಹಾಕಿ. ಪ್ರತಿ ಕಾಳಿಗೂ ಸುತ್ತ ಮರಳು ತಾಗುತ್ತದೆ. ಬಿಸಿ ದಾಟಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಲೆಕ್ಕ ಹೀಗೆ. ಒಂದು ಕೆಜಿ ಅಕ್ಕಿಯನ್ನು ಕಾಯಿಸಿ ಒಳಗಿನ ತೇವ ಆವಿ ಮಾಡಲು ಸುಮಾರು 600 ಕಿಲೋಜೌಲ್. 200 ಕೆಜಿಗೆ 120 ಮೆಗಾಜೌಲ್. ಸೋರಿದ್ದಕ್ಕೂ ಅಷ್ಟೇ ಹಿಡಿಯಿರಿ, 240. ಮರಳು 450ರಿಂದ 250ಕ್ಕೆ ಇಳಿದರೆ ಕೆಜಿಗೆ 200 ಕಿಲೋಜೌಲ್ ಕೊಡುತ್ತದೆ. 1,200 ಕೆಜಿ ಸಾಕು. ನಾಲ್ಕು ಡ್ರಮ್ಮು.

ಇನ್ನು ಬಿಸಿಲು. ಕನ್ನಡಿ ತಟ್ಟೆ ಚಂದ, ಆದರೆ ಅದಕ್ಕೆ ನೇರ ಬಿಸಿಲೇ ಬೇಕು. ಮೋಡದ ಬೆಳಕು ಅದಕ್ಕೆ ದಕ್ಕುವುದಿಲ್ಲ. ಸೂರ್ಯನ ಹಿಂದೆ ದಿನಾ ತಿರುಗಿಸಬೇಕು. ಕನ್ನಡಿ ಸ್ಥಾವರದಲ್ಲಿ ದುಡಿದ ನಾನೇ ಹೇಳುತ್ತಿದ್ದೇನೆ, ನಿಮ್ಮ ಅಳತೆಗೆ ಮಾಡಿನ ಮೇಲೆ ಸೋಲಾರ್ ಪ್ಯಾನೆಲ್ ಹಾಕಿ, ಕರೆಂಟನ್ನು ಮರಳಿನೊಳಗಿನ ಹೀಟರ್ ರಾಡಿಗೆ ಬಿಡುವುದು ಸುಲಭ. 240 ಮೆಗಾಜೌಲ್ ಅಂದರೆ 67 ಯೂನಿಟ್. ಒಂದು ಕಿಲೋವ್ಯಾಟ್ ಪ್ಯಾನೆಲ್ ಒಳ್ಳೆ ದಿನ 4 ಯೂನಿಟ್ ಕೊಟ್ಟರೆ 17 ಕಿಲೋವ್ಯಾಟ್ ಬೇಕು. ನಿಮ್ಮ ಇಡೀ ಶೀಟು ತುಂಬುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಹೊಟ್ಟಿನ ಒಲೆ ಇರಲೇಬೇಕು. ಪ್ಯಾನೆಲ್ಲಿನ ಡಿಸಿ ಕರೆಂಟನ್ನು ಮನೆಯ ಸ್ವಿಚ್ಚಿನಲ್ಲಿ ಆರಿಸಿದರೆ ಕಿಡಿ ನಿಲ್ಲದೆ ಸುಡುತ್ತದೆ. ಆ ಕೆಲಸ ಗೊತ್ತಿರುವ ಎಲೆಕ್ಟ್ರಿಷಿಯನ್‌ಗೇ ಕೊಡಿ.

ಭಟ್ಟಿಮನೆ_ದಾವಣಗೆರೆ

ಐದು ವಾರ ಆಯಿತು, ಉತ್ತರ ಬರೆಯದಿದ್ದಕ್ಕೆ ಕ್ಷಮಿಸಿ. ಮಾಡಿ ನೋಡಿಯೇ ಬರೆಯೋಣ ಅಂತ ಸುಮ್ನಿದ್ದೆ.

ಒಂದು ಡ್ರಮ್ಮು, ಬಣ್ಣ ಸುಟ್ಟದ್ದು. ಸುತ್ತ ಇಟ್ಟಿಗೆ ಕಟ್ಟಿ ನಡುವೆ ಒಂದಡಿ ಬಿಳಿ ಬೂದಿ. ಕೆಳಗೂ ಮೇಲೂ ಬೂದಿ. ಜರಡಿ ಹಿಡಿದು ತೊಳೆದು ಒಣಗಿಸಿದ ಮರಳು 300 ಕೆಜಿ. ಪ್ಯಾನೆಲ್ ಇನ್ನೂ ಇಲ್ಲ. ಎಲೆಕ್ಟ್ರಿಷಿಯನ್ ಕೈಯಲ್ಲಿ ಅರ್ತಿಂಗ್ ಮಾಡಿಸಿ, 1 ಕಿಲೋವ್ಯಾಟಿನ 5 ರಾಡ್ ಅಡ್ಡಕ್ಕೆ ತೂರಿಸಿ, ಸದ್ಯಕ್ಕೆ ಲೈನ್ ಕರೆಂಟಿನಲ್ಲೇ ನೋಡಿದೆ. ಬಿಸಿಲಿನ ಹೊತ್ತಿನಲ್ಲೇ, ಬೆಳಗ್ಗೆ 9ರಿಂದ ಸಂಜೆ 5ರವರೆಗೆ ಹಾಕಿದೆ. 40 ಯೂನಿಟ್ ಹೋಯಿತು.

ಸಂಜೆ 5ಕ್ಕೆ ರಾಡಿನ ಹತ್ತಿರ 510, ಎರಡು ರಾಡಿನ ನಡುವೆ 370. ಮರಳಿನಲ್ಲಿ ಬಿಸಿ ಇಷ್ಟು ನಿಧಾನವಾಗಿ ನಡೆಯುತ್ತೆ ಅಂತ ಅಂದುಕೊಂಡಿರಲಿಲ್ಲ. ಬೆಳಗಿನ ಜಾವ 3ಕ್ಕೆ ಅಪ್ಪನೂ ಎದ್ದು ಬಂದರು. ಎಲ್ಲ ಕಡೆ 330ರ ಆಸುಪಾಸು. ಇಟ್ಟಿಗೆ ಗೋಡೆಯ ಹೊರಗೆ ಕೈ ಇಟ್ಟರೆ ಬೆಚ್ಚಗೆ, ಅಷ್ಟೇ.

ಮೊದಲ ಎರಡು ಸಲ ಬೆರೆಸಿದ್ದು ಸರಿಯಾಗದೆ ಅಕ್ಕಿ ಕೆಂಪಾಯಿತು. ಮೂರನೆಯದಕ್ಕೆ ಅಪ್ಪ ಗನ್ ಥರ್ಮಾಮೀಟರ್ ಪಕ್ಕಕ್ಕಿಟ್ಟು, ಮರಳಿನ ಮೇಲೆ ನಾಲ್ಕು ಕಾಳು ಎಸೆದು ನೋಡಿ, 'ಹ್ಞೂಂ, ಹಾಕು' ಅಂದರು. ಅರಳಿತು. ಒಲೆ ಹಚ್ಚದೆ 22 ಕೆಜಿ ಹುರಿದೆವು. ಆಮೇಲೆ ಮರಳು 250ಕ್ಕಿಂತ ಇಳಿಯಿತು. ಮಂಡಕ್ಕಿಗೆ ಹೊಗೆಯ ವಾಸನೆ ಇಲ್ಲ. ಒಬ್ಬ ಗಿರಾಕಿ ಅದೇ ಬೇಕು ಅಂದ, ಇನ್ನೊಬ್ಬ ಹಳೇದೇ ರುಚಿ ಅಂದ.

ಈಗ ಎರಡು ತೊಂದರೆ. ಬಿಸಿ ಮರಳನ್ನು ಮೇಲಿಂದ ಸಲಿಕೆಯಲ್ಲಿ ಎತ್ತುವಾಗ ಹೊದಿಕೆ ತೆಗೆದೇ ಇರಬೇಕು, ಬಿಸಿ ಎಲ್ಲ ಹೋಗುತ್ತದೆ. ಅಪ್ಪನ ಕೈಯಲ್ಲಂತೂ ಅದನ್ನು ಎತ್ತಿಸುವಂತಿಲ್ಲ. ಮತ್ತೆ ನಡುವಿನ ಒಂದು ರಾಡ್ ಸುಟ್ಟುಹೋಯಿತು, ಅದನ್ನು ತೆಗೆಯಲು ಅಷ್ಟೂ ಮರಳು ಹೊರಗೆ ಹಾಕಬೇಕಾಯಿತು. ಮುಂದಿನ ನಾಲ್ಕು ಡ್ರಮ್ಮಿಗೆ ಏನು ಮಾಡಲಿ?

ಎರಕದವನು_ಬೆಳಗಾವಿ

22 ಕೆಜಿ! ಓದಿ ನಮ್ಮ ಶೆಡ್ಡಿನಲ್ಲಿ ಎಲ್ಲರಿಗೂ ಹೇಳಿದೆ. ಡ್ರಮ್ಮಿನ ತಳವನ್ನು ಆಲಿಕೆ ಹಾಗೆ ಇಳಿಜಾರು ಮಾಡಿಸಿ, ಕೆಳಗೆ ಜಾರುವ ಬಾಗಿಲು ಇಡಿ. ನಾಲ್ಕಡಿ ಎತ್ತರದ ಕಬ್ಬಿಣದ ಕಾಲಿನ ಮೇಲೆ ನಿಲ್ಲಿಸಿ, ಬಾಣಲೆ ಅದರ ಕೆಳಗೆ. ಬಾಗಿಲಿನ ತಟ್ಟೆ 10 ಮಿಲಿಮೀಟರ್ ದಪ್ಪ ಇರಲಿ, ಸಂದು ಸ್ವಲ್ಪ ಸಡಿಲ ಬಿಡಿ. ಇಲ್ಲದಿದ್ದರೆ ಕಾದಾಗ ಹಿಗ್ಗಿ ಕಚ್ಚಿಕೊಳ್ಳುತ್ತದೆ. ಹಿಡಿ ಉದ್ದ ಮಾಡಿಸಿ, ಅಪ್ಪ ದೂರ ಕೂತೇ ಎಳೆಯಬಹುದು.

ಉಪ್ಪಿನಟ್ಯಾಂಕು

ರಾಡ್‌ಗಳನ್ನು ಅಡ್ಡಕ್ಕೆ ಬೇಡ, ಮೇಲಿಂದ ನಿಂತ ಹಾಗೆ ಇಳಿಬಿಡಿ. ಪ್ರತಿ ರಾಡಿಗೂ ತುದಿ ಮುಚ್ಚಿದ ಸ್ಟೀಲ್ ಪೈಪು ಹಾಕಿ, ರಾಡ್ ಅದರೊಳಗೆ ಇರಲಿ. ಸುಟ್ಟರೆ ಕರೆಂಟ್ ಆರಿಸಿ, ಮೇಲಿಂದ ಎಳೆದು ಬೇರೆ ಇಳಿಸಿದರೆ ಆಯಿತು, ಮರಳು ಮುಟ್ಟಬೇಕಿಲ್ಲ. ನಮ್ಮ ಉಪ್ಪಿನ ಟ್ಯಾಂಕಿನ ಪಂಪುಗಳನ್ನೂ ಉದ್ದದ ದಂಡ ಕೊಟ್ಟು ಮೇಲಿಂದಲೇ ನೇತುಹಾಕುತ್ತಿದ್ದೆವು. ಐದರ ಬದಲು ಅರ್ಧ ಕಿಲೋವ್ಯಾಟಿನ ಹತ್ತು ಹಾಕಿದರೆ ನಡುವಿನ ಮರಳೂ ಸಂಜೆಯೊಳಗೆ ಕಾಯುತ್ತದೆ. ತಳದ ಬಾಗಿಲಿನ ಮೇಲೆ ಒಂದು ಗೇಣು ಜಾಗ ಖಾಲಿ ಬಿಡಿ, ರಾಡ್ ಅಲ್ಲಿಗೆ ಬರಬಾರದು. ಮರಳು ಇಳಿದುಹೋದಾಗ ರಾಡ್ ಬರಿದಾಗಿ ಉರಿಯದಂತೆ ಸ್ವಿಚ್ಚಿಗೆ ಹೊತ್ತಿನ ಲೆಕ್ಕ ಇಡಿ: ಹುರಿಯುವಾಗ ಕರೆಂಟ್ ಆಫ್, ಮರಳು ವಾಪಸ್ ತುಂಬಿದ ಮೇಲೆ ಆನ್.